ವಾಪಸ್ ಕೊಟ್ಟ ಫೋನಿಗೆ ₹11,000 ಬಾಕಿ ತೋರಿಸುತ್ತಿದ್ದಾರೆ, ಏನು ಮಾಡಬೇಕು?

ಆಳಂದ ರಸ್ತೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಒಂದು ಬಿಲ್ಲಿನ ತಕರಾರು ತಲೆ ತಿನ್ನುತ್ತಿದೆ, ಬಲ್ಲವರು ದಾರಿ ಹೇಳಿ.

ಅಪ್ಪಾಜಿಗೆಂದು ಒಂದು ಫೋನ್ ತೆಗೆದುಕೊಂಡಿದ್ದೆ. ನನ್ನ ಪೋಸ್ಟ್‌ಪೇಯ್ಡ್ ಸಂಪರ್ಕ ಯಾವ ಕಂಪನಿಯದೋ ಅದೇ ಕಂಪನಿಯ ಮಳಿಗೆಯಲ್ಲಿ. ಬೆಲೆ ₹14,999. ಮುಂಗಡವಾಗಿ ₹2,999 ಕಾರ್ಡಿನಲ್ಲಿ ಕೊಟ್ಟೆ. ಉಳಿದ ₹12,000 ತಿಂಗಳಿಗೆ ₹1,000ದಂತೆ ಹನ್ನೆರಡು ಕಂತಿನಲ್ಲಿ ಮೊಬೈಲ್ ಬಿಲ್ಲಿನ ಜೊತೆಗೇ ಬರುತ್ತದೆ ಎಂದರು. ಮನೆಗೆ ತಂದ ಫೋನಿನಲ್ಲಿ ನಾವು ಆಡಿದ ಮಾತು ಆ ಕಡೆಯವರಿಗೆ ಕೇಳಿಸುತ್ತಲೇ ಇರಲಿಲ್ಲ. ಸ್ಪೀಕರ್ ಹಾಕಿದರೆ ಮಾತ್ರ ಕೇಳುತ್ತಿತ್ತು. ಏಳು ದಿನದೊಳಗೆ ಹಿಂದಿರುಗಿಸಬಹುದು ಎಂದು ಖರೀದಿ ಬಿಲ್ಲಿನಲ್ಲೇ ಅಚ್ಚಾಗಿತ್ತು. ಆ ಅವಧಿಯೊಳಗೇ ಡಬ್ಬಿ, ಚಾರ್ಜರ್ ಸಮೇತ ವಾಪಸ್ ಕೊಟ್ಟೆ. ಕೌಂಟರಿನ ಹುಡುಗ ಸ್ಕ್ಯಾನ್ ಮಾಡಿ ಒಂದು ಚೀಟಿ ಕೊಟ್ಟ. ಆ ವಾರವೇ ₹2,999 ಖಾತೆಗೆ ಮರಳಿ ಬಂತು. ಮುಗಿಯಿತು ಎಂದುಕೊಂಡೆವು.

ಮೊದಲ ಬಿಲ್ಲಿನಲ್ಲಿ ₹1,000 ಕಂತು ಬಂತು. ಸಹಾಯವಾಣಿಯವರು ಮುಂದಿನ ತಿಂಗಳು ಸರಿಹೋಗುತ್ತದೆ ಎಂದರು, ಸ್ವಯಂ ಪಾವತಿಯಲ್ಲಿ ಅದು ಹೋಗಿಯೇ ಬಿಟ್ಟಿತು. ಎರಡನೇ ಬಿಲ್ಲಿನಲ್ಲಿ ಉಳಿದ ಹನ್ನೊಂದು ಕಂತನ್ನೂ ಒಟ್ಟಿಗೆ ಸೇರಿಸಿ ‘ಸಾಧನದ ಬಾಕಿ ₹11,000’ ಎಂದು ಬಂದಿದೆ. ಮಳಿಗೆಯವರು ನಮ್ಮ ಕೆಲಸ ಆಗಿದೆ, ಮೇಲಿನವರನ್ನು ಕೇಳಿ ಎನ್ನುತ್ತಾರೆ. ಮೇಲಿನವರು ಎಂದರೆ ಸಹಾಯವಾಣಿ. ಅವರು ‘ಸಿಸ್ಟಮ್‌ನಲ್ಲಿ ಫೋನ್ ವಾಪಸ್ ಬಂದಿಲ್ಲ’ ಎನ್ನುತ್ತಾರೆ. ಬಿಲ್ ಕಟ್ಟುವ ಕೊನೆಯ ದಿನ ಹತ್ತಿರ ಬರುತ್ತಿದೆ.

ಶಹಾಪುರದ ಮೇಷ್ಟ್ರು

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ದೊಡ್ಡ ಕಂಪನಿಗಳ ಜೊತೆ ಜಗಳ ಆಡಿ ಗೆದ್ದವರನ್ನು ನಾನು ಕಂಡಿಲ್ಲ. ಆ ಸಂಖ್ಯೆಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಕೊಂಡು ಕೈ ತೊಳೆದುಕೊಳ್ಳಿ ತಂಗಿ. ಬಾಕಿ ಕೇಳಲು ಬೆಂಗಳೂರಿನಿಂದ ಯಾರೂ ಆಳಂದ ರಸ್ತೆಗೆ ಬರುವುದಿಲ್ಲ.

ನಿವೃತ್ತ ಟೆಲಿಫೋನ್, ಕಲಬುರಗಿ

ಮೇಷ್ಟ್ರೇ, ತಾವು ಹೇಳಿದ ದಾರಿ ಮೊದಲ ಬಾಗಿಲಲ್ಲೇ ಮುಚ್ಚಿದೆ. 2019ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ಪೋರ್ಟಿಂಗ್ ವ್ಯವಸ್ಥೆಯಲ್ಲಿ, ಪೋಸ್ಟ್‌ಪೇಯ್ಡ್ ಸಂಖ್ಯೆಯ ಮೇಲೆ ಗಡುವು ಮೀರಿದ ಬಾಕಿ ಇದ್ದರೆ 1900ಕ್ಕೆ ಸಂದೇಶ ಕಳಿಸಿದರೂ ಪೋರ್ಟಿಂಗ್ ಕೋಡ್ ಬರುವುದಿಲ್ಲ. ಸಂಖ್ಯೆಯನ್ನೇ ಒತ್ತೆ ಇಟ್ಟುಕೊಂಡಂತೆ ಆಗುತ್ತದೆ. ಮನೆಯವರೆಲ್ಲರ ಬ್ಯಾಂಕ್, ಆಧಾರ್, ಗ್ಯಾಸ್ ಅದೇ ಸಂಖ್ಯೆಗೆ ಜೋಡಣೆಯಾಗಿರುತ್ತದೆ, ಬಿಟ್ಟುಬಿಡಲೂ ಆಗದು.

ತಂಗಿ, ಈ ಹೊತ್ತಿಗೆ ಮೊದಲ ಕೆಲಸ ಸ್ವಯಂ ಪಾವತಿ ನಿಲ್ಲಿಸುವುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡ್ ಅಥವಾ ಯುಪಿಐ ಮೂಲಕ ತಿಂಗಳು ತಿಂಗಳು ಹೋಗುವ ಹಣ ₹15,000ದೊಳಗಿದ್ದರೆ ಓಟಿಪಿ ಕೇಳುವುದಿಲ್ಲ. ನಿಮ್ಮ ₹11,000 ಆ ಮಿತಿಯ ಒಳಗೇ ಇದೆ. ಹಣ ಕಡಿತವಾಗುವ 24 ಗಂಟೆ ಮೊದಲು ಒಂದು ಸೂಚನೆ ಬರಬೇಕು, ಬರುತ್ತದೆ ಕೂಡ. ಆದರೆ ಬರುವ ನೂರು ಸಂದೇಶಗಳ ನಡುವೆ ಅದನ್ನು ಯಾರು ಓದುತ್ತಾರೆ? ಬ್ಯಾಂಕಿನ ಆ್ಯಪ್‌ನಲ್ಲಿ ಆ ಅನುಮತಿಯನ್ನು ಇವತ್ತೇ ರದ್ದು ಮಾಡಿ. ಕೈಬಿಟ್ಟ ಹಣವನ್ನು ವಾಪಸ್ ತರಿಸುವುದಕ್ಕಿಂತ ಕೈಯಲ್ಲಿರುವ ಹಣಕ್ಕಾಗಿ ವಾದಿಸುವುದು ಸುಲಭ.

ಎರಡನೆಯದು, ತಕರಾರಿಲ್ಲದ ಭಾಗವನ್ನು ಕಟ್ಟಿಬಿಡಿ. ತಿಂಗಳ ಬಾಡಿಗೆ, ಅದರ ತೆರಿಗೆ, ಅಷ್ಟೇ. ಆ್ಯಪ್‌ನಲ್ಲಿ ಮೊತ್ತವನ್ನು ನಾವೇ ತುಂಬುವ ಅವಕಾಶ ಇರುತ್ತದೆ. ‘ಬಿಲ್ ಕಟ್ಟದ ಗ್ರಾಹಕಿ’ ಎಂದು ಹೇಳುವ ಅವಕಾಶವನ್ನು ಅವರಿಗೆ ಕೊಡಬೇಡಿ.

ಮೂರನೆಯದು ದೂರು. ಮಳಿಗೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ದೂರಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಮಾಡಿದ ದೂರು ಪರಿಹಾರ ನಿಯಮಗಳ ಪ್ರಕಾರ ಸಹಾಯವಾಣಿಗೆ ಬಂದ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ, ಕೊಡಲೇಬೇಕು. ಆ ಸಂಖ್ಯೆ ಇಲ್ಲದೆ ಮಾಡಿದ ಕರೆ ಲೆಕ್ಕಕ್ಕಿಲ್ಲ. ಪರಿಹಾರ ಒಪ್ಪಿಗೆಯಾಗದಿದ್ದರೆ, ಅಥವಾ ಗಡುವು ಮುಗಿದರೂ ಉತ್ತರ ಬಾರದಿದ್ದರೆ, 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಶುಲ್ಕವಿಲ್ಲ. ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಟ್ರಾಯ್‌ಗೇ ನೇರವಾಗಿ ದೂರು ಬರೆಯುತ್ತೇನೆ ಎಂದು ಕೂರಬೇಡಿ, ಅದು ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಣೆ ಮಾಡುವುದಿಲ್ಲ.

ನಮ್ಮ ಕಾಲದಲ್ಲಿ ಎಸ್‌ಟಿಡಿ ಬಿಲ್ ಹೆಚ್ಚಾಗಿ ಬಂತೆಂದು ಜನ ಕಚೇರಿಗೇ ಬಂದು ಬೈಯುತ್ತಿದ್ದರು. ಬೈಯಲು ಎದುರಿಗೆ ಒಬ್ಬ ಮನುಷ್ಯನಾದರೂ ಇದ್ದ.

ಆಳಂದ ರಸ್ತೆ, ಕಲಬುರಗಿ

ಕಾಕಾ, ಸ್ವಯಂ ಪಾವತಿ ರದ್ದು ಮಾಡಿದೆ. ಬಾಡಿಗೆ ಭಾಗ ಕಟ್ಟಿದೆ. ಡಾಕೆಟ್ ಸಂಖ್ಯೆಯೂ ಸಂದೇಶದಲ್ಲಿ ಬಂತು. ಅದರ ಉತ್ತರ ಮರುದಿನವೇ ಬಂದಿದೆ: ‘ಪರಿಶೀಲಿಸಲಾಗಿದೆ, ಬಿಲ್ ಸರಿಯಾಗಿದೆ.’ ಅಷ್ಟೇ. ದೂರು ಮುಕ್ತಾಯ.

ವಾಪಸ್ ಕೊಟ್ಟ ಚೀಟಿ ನನ್ನ ಹತ್ತಿರವೇ ಇದೆ. ಬಸ್ ಟಿಕೆಟ್‌ನಂತಹ ತೆಳು ಕಾಗದ. ಮೇಲೆ ಮಳಿಗೆಯ ಕೋಡ್, ಕೆಳಗೆ ದಿನಾಂಕ, ‘ಸಾಧನ ಸ್ವೀಕರಿಸಲಾಗಿದೆ’ ಎಂಬ ಸಾಲು, ಫೋನಿನ ಮಾದರಿ, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ. ಅಕ್ಷರ ಈಗಲೇ ಮಾಸುತ್ತಿದೆ. ಖರೀದಿ ಬಿಲ್ ಜೊತೆ ಇಟ್ಟು ನೋಡಿದೆ. ಬಿಲ್ಲಿನಲ್ಲಿರುವ ಐಎಂಇಐ 32ರಿಂದ ಮುಗಿಯುತ್ತದೆ, ಚೀಟಿಯಲ್ಲಿರುವುದು 40ರಿಂದ. ಉಳಿದ ಅಂಕಿಗಳೆಲ್ಲ ಒಂದೇ. ಇದು ಮುದ್ರಣದ ತಪ್ಪೇ? ಅಥವಾ ನಾನು ಬೇರೆ ಯಾವುದೋ ಫೋನ್ ಕೊಟ್ಟೆ ಎಂದು ಅವರು ಹೇಳಬಹುದೇ?

ಬೀದರ್ ರಿಪೇರಿ

ಅಕ್ಕಾ, ಗಂಟು ಇಲ್ಲೇ ಇದೆ. ತಪ್ಪು ಮುದ್ರಣವೂ ಅಲ್ಲ, ಬೇರೆ ಫೋನೂ ಅಲ್ಲ.

ಎರಡು ಸಿಮ್ ಹಾಕುವ ಫೋನಿಗೆ ಎರಡು ಐಎಂಇಐ ಇರುತ್ತವೆ, ಒಂದೊಂದು ಸಿಮ್ ಜಾಗಕ್ಕೆ ಒಂದೊಂದು. ಯಾವ ಫೋನಿನಲ್ಲಾದರೂ *#06# ಒತ್ತಿ ನೋಡಿ, ಎರಡೂ ಪರದೆಯ ಮೇಲೆ ಬರುತ್ತವೆ. ಒಂದೊಂದರಲ್ಲೂ 15 ಅಂಕಿ. ಮೊದಲ ಎಂಟು ಮಾದರಿಯನ್ನು ಹೇಳುತ್ತವೆ, ನಡುವಿನ ಆರು ಆ ಫೋನಿನ ಕ್ರಮಸಂಖ್ಯೆ, ಕೊನೆಯ ಒಂದು ತಾಳೆ ನೋಡುವ ಅಂಕಿ. ಅನೇಕ ಫೋನ್‌ಗಳಲ್ಲಿ ಎರಡನ್ನೂ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಕ್ರಮಸಂಖ್ಯೆಯಲ್ಲೇ ಕೊಟ್ಟಿರುತ್ತಾರೆ. ಈಗ ನಿಮ್ಮ 32 ಮತ್ತು 40 ನೋಡಿ. ಹದಿನಾಲ್ಕನೇ ಅಂಕಿ 3 ಇದ್ದದ್ದು 4 ಆಗಿದೆ, ಅಂದರೆ ಮುಂದಿನ ಕ್ರಮಸಂಖ್ಯೆ. ತಾಳೆ ಲೆಕ್ಕದಲ್ಲಿ ಆ ಜಾಗದ ಅಂಕಿಯನ್ನು ದ್ವಿಗುಣ ಮಾಡಿ ಕೂಡಬೇಕು, ಆದ್ದರಿಂದ ಒಂದು ಹೆಚ್ಚಾದರೆ ಮೊತ್ತ ಎರಡು ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ಕೊನೆಯ ಅಂಕಿ 2ರಿಂದ 0ಗೆ ಇಳಿಯಬೇಕು. ಇಳಿದಿದೆ. ಲೆಕ್ಕ ಕರಾರುವಾಕ್ಕಾಗಿ ಕೂಡುತ್ತದೆ.

ನಡೆದದ್ದು ಇಷ್ಟೇ ಇರಬೇಕು. ಮಾರುವಾಗ ಡಬ್ಬಿಯ ಮೇಲಿನ ಮೊದಲ ಬಾರ್‌ಕೋಡ್ ಹೊಡೆದಿದ್ದಾರೆ. ವಾಪಸ್ ಪಡೆಯುವಾಗ ಸ್ಕ್ಯಾನರ್ ಎರಡನೇ ಬಾರ್‌ಕೋಡನ್ನು ಹಿಡಿದಿದೆ. ಡಬ್ಬಿಯ ಮೇಲೆ ಎರಡೂ ಒಂದರ ಕೆಳಗೊಂದು ಅಂಟಿರುತ್ತವೆ, ಕೈ ಅರ್ಧ ಬೆರಳು ಜರುಗಿದರೂ ಬೇರೆಯದು ಬೀಳುತ್ತದೆ. ಕಂಪನಿಯ ಕಂಪ್ಯೂಟರಿಗೆ 32 ಹೋಗಿದ್ದು ಗೊತ್ತು, 40 ಬಂದಿದ್ದು ಗೊತ್ತು. ಎರಡೂ ಒಂದೇ ಎಂದು ಅದಕ್ಕೆ ಯಾರೂ ಹೇಳಿಲ್ಲ. ಸಹಾಯವಾಣಿಯವರು 32 ಹಾಕಿ ಹುಡುಕುತ್ತಾರೆ, ಬಂದಿಲ್ಲ ಎಂದು ತೋರಿಸುತ್ತದೆ, ‘ಬಂದಿಲ್ಲ’ ಎಂದು ಓದುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಮ್ಮ ಅಂಗಡಿಗೆ ಬರುವ ವಾರಂಟಿ ತಕರಾರುಗಳಲ್ಲೂ ಇದೇ ಗೊಂದಲ ಕಾಣುತ್ತೇನೆ.

ಆ ಚೀಟಿಯ ಫೋಟೊ ಇವತ್ತೇ ತೆಗೆಯಿರಿ, ಎರಡು ಝೆರಾಕ್ಸ್ ಮಾಡಿಸಿ. ಅದು ಶಾಖಕ್ಕೆ ಅಚ್ಚಾಗುವ ಕಾಗದ, ನಮ್ಮ ಕಡೆಯ ಬಿಸಿಲಿಗೆ ಒಂದು ಬೇಸಿಗೆ ತಡೆಯುವುದಿಲ್ಲ. ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಲ್ಯಾಮಿನೇಷನ್ ಮಾಡಿಸಲು ಮಾತ್ರ ಹೋಗಬೇಡಿ, ಆ ಬಿಸಿಗೆ ಇಡೀ ಚೀಟಿ ಕಪ್ಪಾಗುತ್ತದೆ.

ಡಬ್ಬಿ ಅವರ ಹತ್ತಿರ ಹೋಯಿತು ಎಂದಿರಿ. ಡಬ್ಬಿಯ ಚೀಟಿಯ ಫೋಟೊ ಎಲ್ಲಾದರೂ ಇದೆಯೇ? ಎರಡೂ ಸಂಖ್ಯೆಗಳು ಒಂದೇ ಕಡೆ ಕಾಣುವ ಸಾಕ್ಷಿ ಅದು.

ಆಳಂದ ರಸ್ತೆ, ಕಲಬುರಗಿ

ಇದೆ! ಕೊಂಡ ದಿನ ತಮ್ಮನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೆ, ಮಾದರಿ ಸರಿಯೇ ನೋಡು ಎಂದು. ಅವನು ಇನ್ನೂ ಅಳಿಸಿಲ್ಲ. ದೊಡ್ಡದು ಮಾಡಿ ನೋಡಿದೆ. ಐಎಂಇಐ 1 ಎದುರು 32, ಐಎಂಇಐ 2 ಎದುರು 40. ಎರಡೂ ಸ್ಪಷ್ಟವಾಗಿವೆ. ಅಣ್ಣಾ, ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದು.

ಬೀದರ್ ರಿಪೇರಿ

ಧನ್ಯವಾದವನ್ನು ತಮ್ಮನಿಗೆ ಹೇಳಿ. ಫೋಟೊವನ್ನು ಕತ್ತರಿಸಬೇಡಿ, ಕಳಿಸಿದ ದಿನಾಂಕ ಕಾಣುವಂತೆ ಮಾತುಕತೆಯನ್ನು ಹಾಗೆಯೇ ಉಳಿಸಿಕೊಳ್ಳಲು ತಿಳಿಸಿ. ಇನ್ನೊಂದು ಕೆಲಸ: ಎರಡೂ ಐಎಂಇಐಗಳನ್ನು ಒಂದೊಂದಾಗಿ 14422ಕ್ಕೆ ‘ಕೆವೈಎಂ’ (KYM) ಎಂಬ ಇಂಗ್ಲಿಷ್ ಅಕ್ಷರಗಳ ನಂತರ ಬರೆದು ಸಂದೇಶ ಕಳಿಸಿ. ಸರ್ಕಾರದ ದಾಖಲೆಯಿಂದ ಫೋನಿನ ಕಂಪನಿ, ಮಾದರಿ ಬರುತ್ತದೆ. ಎರಡಕ್ಕೂ ಒಂದೇ ಮಾದರಿ ಬಂದರೆ ಆ ಉತ್ತರವನ್ನೂ ಜೊತೆಗೆ ಲಗತ್ತಿಸಿ.

ಗಂಜ್ ಲೆಕ್ಕಪತ್ರ, ಕಲಬುರಗಿ

ನಾನು ನೆಹರು ಗಂಜಿನಲ್ಲಿ ದಾಲ್ ಮಿಲ್‌ಗಳ ಲೆಕ್ಕ ಬರೆಯುವವನು. ಎಲ್ಲರೂ ಫೋನಿನ ಹಿಂದೆ ಬಿದ್ದಿದ್ದೀರಿ, ದುಡ್ಡಿನ ಕಡೆ ಯಾರೂ ನೋಡಿಲ್ಲ. ಆ ₹2,999 ಯಾಕೆ ವಾಪಸ್ ಬಂತು?

ಫೋನ್ ಅವರ ಕೈ ಸೇರದಿದ್ದರೆ ಮುಂಗಡ ಹಿಂದಿರುಗಿಸುವ ಕಾರಣವೇ ಇಲ್ಲ. ಒಂದು ಕೈಯಲ್ಲಿ ಮುಂಗಡ ವಾಪಸ್ ಕೊಟ್ಟು, ಇನ್ನೊಂದು ಕೈಯಲ್ಲಿ ‘ಫೋನ್ ಕೊಟ್ಟಿಲ್ಲ, ಉಳಿದದ್ದನ್ನೆಲ್ಲ ಕಟ್ಟು’ ಎನ್ನುವುದು ಒಂದೇ ಲೆಕ್ಕದ ಪುಸ್ತಕದಲ್ಲಿ ಕೂಡುವುದಿಲ್ಲ. ಅಕ್ಕಾವರೇ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಆ ಜಮಾ ಸಾಲಿಗೆ ಗುರುತು ಹಾಕಿಟ್ಟುಕೊಳ್ಳಿ. ಉಲ್ಲೇಖ ಸಂಖ್ಯೆ, ದಿನಾಂಕ ಸಮೇತ. ನಿಮ್ಮ ಚೀಟಿಗಿಂತ ಗಟ್ಟಿ ಸಾಕ್ಷಿ ಅದು, ಏಕೆಂದರೆ ಅದನ್ನು ಬರೆದವರು ಅವರೇ, ಇಟ್ಟುಕೊಂಡಿರುವುದು ಬ್ಯಾಂಕು.

ಈಗ ಮುಖ್ಯ ಮಾತು. ಇಷ್ಟು ದಿನ ನೀವು ಕೇಳುತ್ತಿರುವುದು ‘ಬಿಲ್ ತೆಗೆಯಿರಿ’ ಎಂದು. ಅದನ್ನು ಬಿಡಿ. ‘ಕ್ರೆಡಿಟ್ ನೋಟ್ ಕೊಡಿ’ ಎಂದು ಕೇಳಿ, ಅಂದರೆ ಬಿಲ್ಲಿನ ಮೊತ್ತವನ್ನು ಕಳೆದಿದ್ದೇವೆ ಎಂದು ಮಾರಿದವರು ಕೊಡುವ ಕಾಗದ. ನಮ್ಮ ಗಂಜಿನಲ್ಲಿ ಯಾರಾದರೂ ಹತ್ತು ಚೀಲ ಬೇಳೆ ವಾಪಸ್ ಕಳಿಸಿದರೆ ಚೀಲ ಇಳಿಸಿಕೊಂಡ ಮಾತ್ರಕ್ಕೆ ವ್ಯವಹಾರ ತೀರುವುದಿಲ್ಲ. ಮಾರಾಟದ ಬಿಲ್ಲಿನ ಎದುರು ಕ್ರೆಡಿಟ್ ನೋಟ್ ಹರಿಯಬೇಕು. ಅದು ಹರಿಯುವವರೆಗೆ ಪುಸ್ತಕದಲ್ಲಿ ಆ ಮಾರಾಟ ಜೀವಂತವಾಗಿಯೇ ಇರುತ್ತದೆ, ಬಾಕಿಯೂ ಜೀವಂತ.

ಫೋನಿಗೂ ಇದೇ ಕಾನೂನು. ಸರಕು ಹಿಂದಿರುಗಿದಾಗ ಕ್ರೆಡಿಟ್ ನೋಟ್ ಕೊಡುವುದಕ್ಕೆ 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಕಲಮು ಇದೆ. ಮೊಬೈಲ್ ಫೋನಿನ ತೆರಿಗೆ 2020ರ ಏಪ್ರಿಲ್ 1ರಿಂದ ಶೇ 18. ನಿಮ್ಮ ₹14,999ರಲ್ಲಿ ಫೋನಿನ ಬೆಲೆ ₹12,711.02, ತೆರಿಗೆ ₹2,287.98. ಕ್ರೆಡಿಟ್ ನೋಟ್ ಕೊಟ್ಟರೆ ಆ ತೆರಿಗೆಯನ್ನು ಕಂಪನಿ ತನ್ನ ಲೆಕ್ಕದಲ್ಲಿ ಕಡಿಮೆ ಮಾಡಿಕೊಳ್ಳಬಹುದು. ಕೊಡದಿದ್ದರೆ, ನಡೆಯದೇ ಹೋದ ಮಾರಾಟಕ್ಕೆ ಸರ್ಕಾರಕ್ಕೆ ತೆರಿಗೆ ಕಟ್ಟಿ ಕೂತಿರುತ್ತದೆ. ಅಂದರೆ ನೀವು ಕೇಳುತ್ತಿರುವುದು ಅವರಿಗೂ ಲಾಭದ ಕೆಲಸ. ಇದಕ್ಕೂ ಗಡುವಿದೆ: ಮಾರಾಟ ನಡೆದ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30. ಅದು ದಾಟಿದರೆ ತೆರಿಗೆ ತಗ್ಗಿಸಿಕೊಳ್ಳುವ ಅವಕಾಶ ಅವರಿಗೆ ಹೋಗುತ್ತದೆ.

ಇನ್ನೊಂದು ಗುಟ್ಟು. ‘ಬಿಲ್ ತಪ್ಪು’ ಎಂದು ಬರೆದರೆ ಅದು ಸಹಾಯವಾಣಿಯ ಮೇಜಿಗೆ ಹೋಗುತ್ತದೆ. ‘ಇಂಥ ಸಂಖ್ಯೆಯ ತೆರಿಗೆ ಬಿಲ್ಲಿನ ಎದುರು ಕ್ರೆಡಿಟ್ ನೋಟ್ ಬಂದಿಲ್ಲ’ ಎಂದು ಬರೆದರೆ ಅದು ಲೆಕ್ಕಪತ್ರ ವಿಭಾಗದ ಮೇಜಿಗೆ ಹೋಗುತ್ತದೆ. ಅಲ್ಲಿ ನನ್ನಂಥವರು ಕೂತಿರುತ್ತಾರೆ. ತಾಳೆಯಾಗದ ಸಾಲು ಕಂಡರೆ ನಮಗೆ ನಿದ್ದೆ ಬರುವುದಿಲ್ಲ.

ಶಹಾಪುರದ ಮೇಷ್ಟ್ರು

ಲೆಕ್ಕದವರೇ, ಮಾತು ಚೆನ್ನಾಗಿದೆ. ಆದರೆ ಅವರು ಈ ಕಾಗದವನ್ನೂ ಕಸದ ಬುಟ್ಟಿಗೆ ಹಾಕಿದರೆ? ಹನ್ನೊಂದು ಸಾವಿರಕ್ಕಾಗಿ ವಕೀಲರಿಗೆ ಇಪ್ಪತ್ತು ಸಾವಿರ ಕೊಡಬೇಕಾಗುತ್ತದೆ.

ಕರಿಕೋಟು, ಕಲಬುರಗಿ

ವಕೀಲನಾಗಿ ಹೇಳುತ್ತೇನೆ ಮೇಷ್ಟ್ರೇ, ಈ ಪ್ರಕರಣಕ್ಕೆ ವಕೀಲ ಬೇಕಾಗಿಲ್ಲ. ನಮ್ಮ ಹೊಟ್ಟೆಯ ಮೇಲೆ ಹೊಡೆದುಕೊಳ್ಳುವ ಮಾತು, ಆದರೂ ನಿಜ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸಿಸುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ಅವರೇ ಕಲಬುರಗಿಗೆ ಬಂದು ಉತ್ತರ ಕೊಡಬೇಕು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅಂತರ್ಜಾಲದಲ್ಲಿ ಇ-ಜಾಗೃತಿ ತಾಣದ ಮೂಲಕವೂ ಸಲ್ಲಿಸಬಹುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು, ಅಷ್ಟೇ.

ಕಂಪನಿಯವರ ಹಳೆಯ ಅಸ್ತ್ರವೊಂದಿತ್ತು. ಟೆಲಿಫೋನ್ ತಕರಾರು ಗ್ರಾಹಕ ವೇದಿಕೆಗೆ ಬರುವುದಿಲ್ಲ, 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮಿನಡಿ ಮಧ್ಯಸ್ಥಿಕೆಗೇ ಹೋಗಬೇಕು ಎಂದು 2009ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಆಮೇಲೆ ಅನೇಕ ದೂರುಗಳು ಬಾಗಿಲಲ್ಲೇ ಬಿದ್ದವು. 2022ರ ಫೆಬ್ರವರಿ 16ರಂದು ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಆ ತೊಡಕನ್ನು ಬಿಡಿಸಿತು. ಆ ಪ್ರಕರಣ ಕೇಳಿದರೆ ನಿಮಗೆ ಹತ್ತಿರ ಎನಿಸುತ್ತದೆ. ಅಹಮದಾಬಾದಿನ ಒಬ್ಬ ಗ್ರಾಹಕರು, ತಿಂಗಳ ಬಾಡಿಗೆ ₹249. 2013ರ ನವೆಂಬರ್–ಡಿಸೆಂಬರ್ ಬಿಲ್ ಬಂದದ್ದು ₹24,609.51. ಅದೂ ಕ್ರೆಡಿಟ್ ಕಾರ್ಡಿನ ಸ್ವಯಂ ಪಾವತಿಯಲ್ಲಿ ಹೋಗಿತ್ತು. ನಿವೃತ್ತ ಟೆಲಿಫೋನ್ ಕಾಕಾ ಮೊದಲು ಸ್ವಯಂ ಪಾವತಿ ನಿಲ್ಲಿಸಿ ಎಂದದ್ದು ಸುಮ್ಮನೆ ಅಲ್ಲ. ದೂರಸಂಪರ್ಕ ಸೇವೆಯೂ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಪೀಠ ತೀರ್ಮಾನಿಸಿತು. 2023ರ ದೂರಸಂಪರ್ಕ ಕಾಯ್ದೆ ಕೂಡ ಗ್ರಾಹಕ ಕಾಯ್ದೆಯಡಿ ಹೋಗುವ ಬಳಕೆದಾರರ ಹಕ್ಕನ್ನು ಉಳಿಸಿದೆ.

ನಿಮ್ಮ ವಿಷಯ ಇನ್ನೂ ಸರಳ, ಏಕೆಂದರೆ ಇಲ್ಲಿ ಸರಕೂ ಇದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದಲ್ಲಿ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದನ್ನು ಕಾಯ್ದೆಯ 2(47) ಕಲಮು ನ್ಯಾಯಸಮ್ಮತವಲ್ಲದ ವ್ಯಾಪಾರ ಪದ್ಧತಿ ಎನ್ನುತ್ತದೆ.

ವಾಟ್ಸ್ಆ್ಯಪ್ ಫೋಟೊ ಸಾಕ್ಷಿಯಾಗಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಲಗತ್ತಿಸಿ. ಫೋಟೊ ತಮ್ಮನ ಫೋನಿನಲ್ಲೂ ಇರುವುದರಿಂದ ಆ ಫೋನನ್ನು ಸದ್ಯಕ್ಕೆ ಮಾರಬೇಡ ಎಂದು ಅವರಿಗೆ ಹೇಳಿ.

ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು ಎಂದು ಕಾಯ್ದೆ ಹೇಳುತ್ತದೆ. ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಸುಳ್ಳು ಭರವಸೆ ಕೊಡಲಾರೆ. ಆದ್ದರಿಂದ ಮೊದಲು ಮೇಲ್ಮನವಿ ಪ್ರಾಧಿಕಾರ. ಜೊತೆಗೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೂ ದಾಖಲಿಸಿ. ಆಯೋಗ ಕೊನೆಯ ಮೆಟ್ಟಿಲು. ಅಷ್ಟು ದೂರ ಹೋಗಲೇಬೇಕಾದರೆ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ.

ಯಾದಗಿರಿ ಸ್ಟೇಷನ್ ರಸ್ತೆ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನದೂ ವಾಪಸ್ ಕೊಟ್ಟ ಫೋನೇ, ಆದರೆ ಕಂತು ಮೊಬೈಲ್ ಬಿಲ್ಲಿನಲ್ಲಿ ಬರುತ್ತಿಲ್ಲ. ಬೇರೊಂದು ಫೈನಾನ್ಸ್ ಕಂಪನಿಯ ಸಾಲ. ಅಂಗಡಿಯವರು ಹಣ ಕೊಟ್ಟಾಯಿತು ಎನ್ನುತ್ತಾರೆ, ಫೈನಾನ್ಸ್‌ನವರು ಬಂದಿಲ್ಲ ಎನ್ನುತ್ತಾರೆ. ವಸೂಲಿಯವರು ರಾತ್ರಿ ಒಂಬತ್ತಕ್ಕೆ ಕರೆ ಮಾಡುತ್ತಾರೆ.

ಗಂಜ್ ಲೆಕ್ಕಪತ್ರ, ಕಲಬುರಗಿ

ನಿಮ್ಮದು ಬೇರೆ ದಾರಿ. ಅಲ್ಲಿ ಎರಡು ವ್ಯವಹಾರ ಇವೆ, ಫೋನಿನ ಮಾರಾಟ ಒಂದು, ಸಾಲ ಇನ್ನೊಂದು. ಅಂಗಡಿಯವರಿಂದ ಕ್ರೆಡಿಟ್ ನೋಟ್ ಮತ್ತು ಫೈನಾನ್ಸ್ ಕಂಪನಿಗೆ ಹಣ ಕಳಿಸಿದ ಬ್ಯಾಂಕ್ ಉಲ್ಲೇಖ ಸಂಖ್ಯೆ ಎರಡನ್ನೂ ಪಡೆಯಿರಿ. ಅದನ್ನು ಲಗತ್ತಿಸಿ ಸಾಲ ತೀರಿದ ಪತ್ರ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೂ ಶುಲ್ಕವಿಲ್ಲ. ವಸೂಲಿ ಕರೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಮಾಡುವಂತಿಲ್ಲ. ಕರೆ ಬಂದ ಸಮಯ ಕಾಣುವಂತೆ ಪರದೆಯ ಚಿತ್ರ ತೆಗೆದಿಡಿ.

ನಿಮ್ಮ ಸಾಲಗಳ ಇತಿಹಾಸ ತೋರಿಸುವ ಸಿಬಿಲ್ ವರದಿಯನ್ನು ಈಗಲೇ ನೋಡಿ, ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತ. ಬಾಕಿ ಎಂದು ಬಿದ್ದಿದ್ದರೆ ಅಲ್ಲೇ ತಕರಾರು ಹಾಕಿ. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ ₹100 ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ನಾಳೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಈ ಫೋನು ಅಡ್ಡ ಬರುವುದು ಬೇಡ.

ಆಳಂದ ರಸ್ತೆ, ಕಲಬುರಗಿ

ಮೇಲ್ಮನವಿ ಬರೆದಿದ್ದೇನೆ, ಕಳಿಸುವ ಮೊದಲು ಹಿರಿಯರು ನೋಡಿ ಹೇಳಿ.

‘ಮಾನ್ಯರೇ, ನಾನು ನಿಮ್ಮ ಬಹುಕಾಲದ ಗ್ರಾಹಕಿ. ನಿಮ್ಮ ಮಳಿಗೆಯಲ್ಲಿ ಕೊಂಡ ಫೋನಿನಲ್ಲಿ ದೋಷವಿದ್ದ ಕಾರಣ ವಾಪಸ್ ಮಾಡಿದ್ದೇನೆ. ಆದರೂ ₹11,000 ಬಾಕಿ ತೋರಿಸಲಾಗಿದೆ. ಇದರಿಂದ ನನಗೂ ನನ್ನ ವಯಸ್ಸಾದ ತಂದೆಗೂ ತುಂಬಾ ಮಾನಸಿಕ ಕಿರುಕುಳವಾಗಿದೆ. ದಯವಿಟ್ಟು ಪರಿಶೀಲಿಸಿ ನ್ಯಾಯ ಒದಗಿಸಬೇಕೆಂದು ಕೋರುತ್ತೇನೆ.’ ಕೆಳಗೆ ಬಿಲ್, ಚೀಟಿ, ಡಬ್ಬಿಯ ಫೋಟೊ ಲಗತ್ತಿಸಿದ್ದೇನೆ.

ನಿವೃತ್ತ ಟೆಲಿಫೋನ್, ಕಲಬುರಗಿ

ತಂಗಿ, ಪತ್ರದಲ್ಲಿ ವಿನಯ ಇದೆ, ಕೊಕ್ಕೆ ಇಲ್ಲ. ‘ದಯವಿಟ್ಟು ಪರಿಶೀಲಿಸಿ’ ಎಂದು ಬರೆದರೆ ‘ಪರಿಶೀಲಿಸಿದ್ದೇವೆ’ ಎಂಬ ಉತ್ತರ ಬರುತ್ತದೆ. ಒಮ್ಮೆ ಬಂದಿದೆಯಲ್ಲ. ಕಚೇರಿಯಲ್ಲಿ ಕೂತು ಇಂಥ ಪತ್ರಗಳಿಗೆ ಉತ್ತರ ಬರೆದವನು ನಾನು, ಯಾವ ಪತ್ರದಿಂದ ತಪ್ಪಿಸಿಕೊಳ್ಳಬಹುದು ಎಂಬುದು ಗೊತ್ತು. ಪ್ರಶ್ನೆ ಕೇಳಿ, ಉತ್ತರಿಸದೆ ಮುಂದೆ ಹೋಗಲಾಗದಂತಹ ಪ್ರಶ್ನೆ. ಹೀಗೆ:

‘ಡಾಕೆಟ್ ಸಂಖ್ಯೆ ಇಂಥದ್ದರ ಮೇಲಿನ ಮೇಲ್ಮನವಿ. ವಿಷಯ: ಸೇವಾ ಬಿಲ್ಲಿನಲ್ಲಿ ತಪ್ಪಾಗಿ ಸೇರಿಸಿದ ₹11,000 ಮತ್ತು ಈಗಾಗಲೇ ಕಡಿತವಾದ ₹1,000. ಒಂದು, ಐಎಂಇಐ 1 ಮತ್ತು ಐಎಂಇಐ 2 ಒಂದೇ ಸಾಧನದವು ಎಂಬುದನ್ನು ನಿಮ್ಮ ದಾಖಲೆ ಒಪ್ಪುತ್ತದೆಯೇ ಇಲ್ಲವೇ? ಎರಡು, ಇಂಥ ದಿನಾಂಕ ₹2,999 ನನ್ನ ಖಾತೆಗೆ ಯಾವ ಕಾರಣಕ್ಕಾಗಿ ಹಿಂದಿರುಗಿಸಿದ್ದೀರಿ? ಮೂರು, ಇಂಥ ಸಂಖ್ಯೆಯ ತೆರಿಗೆ ಬಿಲ್ಲಿನ ಎದುರು ಕ್ರೆಡಿಟ್ ನೋಟ್ ನೀಡಲಾಗಿದೆಯೇ? ನೀಡಿದ್ದರೆ ಪ್ರತಿ ಕೊಡಿ, ಇಲ್ಲದಿದ್ದರೆ ಕಾರಣ ತಿಳಿಸಿ.’

ಫೋನಿನ ದೋಷದ ಮಾತನ್ನೇ ಎತ್ತಬೇಡಿ. ಎತ್ತಿದರೆ ‘ಸಾಧನದ ದೂರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ತಯಾರಕರನ್ನು ಸಂಪರ್ಕಿಸಿ’ ಎಂದು ಜಾರಿಕೊಳ್ಳುತ್ತಾರೆ. ಇದು ಬಿಲ್ಲಿನ ದೂರು, ಏಕೆಂದರೆ ಹಣ ಕೇಳಿದ್ದು ಮೊಬೈಲ್ ಬಿಲ್ಲಿನಲ್ಲಿ. ಕಿರುಕುಳದ ಸಾಲನ್ನು ತೆಗೆಯಿರಿ, ಅದು ಆಯೋಗದ ಅರ್ಜಿಗೆ ಇರಲಿ. ಇ-ಮೇಲ್ ಮಾಡಿ, ಜೊತೆಗೆ ಅಂಚೆಯಲ್ಲೂ ಕಳಿಸಿ. 2025ರಿಂದ ನೋಂದಾಯಿತ ಅಂಚೆ ಸ್ಪೀಡ್ ಪೋಸ್ಟ್‌ನೊಳಗೆ ಸೇರಿದೆ. ಕೌಂಟರಿನಲ್ಲಿ ನೋಂದಣಿ ಸೌಲಭ್ಯ ಸೇರಿಸಿ ಎಂದು ಹೇಳಿ, ವಿಳಾಸದಾರರ ಕೈಗೇ ತಲುಪುತ್ತದೆ.

ಆಳಂದ ರಸ್ತೆ, ಕಲಬುರಗಿ

ಎಲ್ಲರಿಗೂ ಸುದ್ದಿ. ಮೇಲ್ಮನವಿಗೆ ಉತ್ತರ ಬಂದಿದೆ, ಗಡುವು ಮುಗಿಯುವ ಮೊದಲೇ. ಮೊದಲೆರಡು ಪ್ರಶ್ನೆಗಳಿಗೆ ಒಂದೇ ಸಾಲು: ಹಿಂದಿರುಗಿಸಿದ ಸಮಯದಲ್ಲಿ ಸಾಧನದ ಎರಡನೇ ಐಎಂಇಐ ದಾಖಲಾಗಿದ್ದರಿಂದ ತಾಳೆಯಾಗಿರಲಿಲ್ಲ, ಈಗ ಸರಿಪಡಿಸಲಾಗಿದೆ. ಬೀದರಿನ ಅಣ್ಣ ಕೂತಲ್ಲೇ ಹೇಳಿದ್ದು ಅಕ್ಷರಶಃ ಅದೇ.

ಮೂರನೇ ಪ್ರಶ್ನೆಗೆ ಕ್ರೆಡಿಟ್ ನೋಟೇ ಬಂದಿದೆ. ಬೆಲೆ ₹12,711.02, ಕೇಂದ್ರದ ತೆರಿಗೆ ₹1,143.99, ರಾಜ್ಯದ ತೆರಿಗೆ ₹1,143.99, ಒಟ್ಟು ₹14,999. ಕೆಳಗೆ ನನ್ನ ಖರೀದಿ ಬಿಲ್ಲಿನ ಸಂಖ್ಯೆ, ದಿನಾಂಕ. ಹೊಸ ಬಿಲ್ಲಿನಲ್ಲಿ ₹11,000 ಹೋಗಿದೆ, ಮೊದಲು ಕಡಿತವಾಗಿದ್ದ ₹1,000 ಜಮಾ ಆಗಿದೆ.

ಒಂದೇ ಕೊರತೆ. ‘ವಿಳಂಬ ಶುಲ್ಕ’ ಎಂದು ₹100, ಅದರ ಮೇಲೆ ತೆರಿಗೆ ₹18 ಇನ್ನೂ ಉಳಿದಿದೆ. ಇಷ್ಟಕ್ಕೆ ಮತ್ತೆ ಬರೆಯಬೇಕೇ, ಕಟ್ಟಿಬಿಡಲೇ?

ಶಹಾಪುರದ ಮೇಷ್ಟ್ರು

₹118 ಕಟ್ಟಿಬಿಡಿ ತಂಗಿ, ಸಾಕು! ಗೆದ್ದಿದ್ದೀರಿ.

ಗಂಜ್ ಲೆಕ್ಕಪತ್ರ, ಕಲಬುರಗಿ

ಕಟ್ಟಬೇಡಿ. ಮೇಷ್ಟ್ರಿಗೆ ₹118 ಚಿಕ್ಕದು, ನನಗೆ ಅದು ಬಾಕಿ ಸಾಲು. ಇಲ್ಲದ ಬಾಕಿಗೆ ವಿಳಂಬ ಎಲ್ಲಿಂದ ಬಂತು? ವಿಳಂಬ ಶುಲ್ಕವೂ ತೆರಿಗೆ ಹಾಕುವ ಮೌಲ್ಯದಲ್ಲಿ ಸೇರುತ್ತದೆ, ಅದಕ್ಕೇ ₹18 ಬಂದಿದೆ. ಶುಲ್ಕ ತೆಗೆದರೆ ತೆರಿಗೆಯೂ ತಾನಾಗಿ ಹೋಗಬೇಕು. ಅದೇ ಮೇಲ್ಮನವಿ ಸಂಖ್ಯೆ ಹಾಕಿ ಎರಡು ಸಾಲು ಬರೆಯಿರಿ. ಅದು ಶೂನ್ಯಕ್ಕೆ ಬರುವವರೆಗೆ ಪೋರ್ಟಿಂಗ್ ಕೋಡೂ ಬರುವುದಿಲ್ಲ, ಕಾಕಾ ಮೊದಲೇ ಹೇಳಿದ್ದಾರೆ.

ಹುಮನಾಬಾದ್ ಬಸ್ ನಿಲ್ದಾಣ

ಎಲ್ಲವನ್ನೂ ಓದಿದೆ. ನಾನು ಮುಂದಿನ ವಾರ ಮನೆಯ ಇಂಟರ್‌ನೆಟ್ ಸಂಪರ್ಕ ಬಿಡುತ್ತಿದ್ದೇನೆ, ಕಂಪನಿಯ ರೂಟರ್ ವಾಪಸ್ ಕೊಡಬೇಕು. ಅದಕ್ಕೆ ಐಎಂಇಐ ಇರುತ್ತದೆಯೇ? ಏನು ನೋಡಿಕೊಳ್ಳಬೇಕು?

ಬೀದರ್ ರಿಪೇರಿ

ತಂತಿಯಲ್ಲಿ ಬರುವ ಸಂಪರ್ಕದ ರೂಟರಿಗೆ ಐಎಂಇಐ ಇರುವುದಿಲ್ಲ, ಸಿಮ್ ಹಾಕುವ ರೂಟರಿಗೆ ಇರುತ್ತದೆ. ಯಾವುದೇ ಆದರೂ ಅಡಿಯಲ್ಲಿ ಒಂದು ಚೀಟಿ ಅಂಟಿರುತ್ತದೆ, ಅದರಲ್ಲಿ ಸೀರಿಯಲ್ ಸಂಖ್ಯೆ ಮತ್ತು ಮ್ಯಾಕ್ ಸಂಖ್ಯೆ ಇರುತ್ತವೆ. ಬಿಚ್ಚುವ ಮೊದಲೇ ಫೋಟೊ ತೆಗೆಯಿರಿ. ಒಯ್ಯಲು ಬಂದವನು ಬರೆದುಕೊಡುವ ಚೀಟಿಯಲ್ಲಿ ಇದೇ ಸೀರಿಯಲ್ ಸಂಖ್ಯೆ ಇದೆಯೇ ಎಂದು ಅವನು ಗಾಡಿ ಹತ್ತುವ ಮೊದಲು ತಾಳೆ ನೋಡಿ. ರೂಟರ್ ತಲುಪಿತು, ಅಡಾಪ್ಟರ್ ತಲುಪಿಲ್ಲ ಎಂದು ಬಿಲ್ ಹಾಕುವುದೂ ಉಂಟು. ಚೀಟಿಯಲ್ಲಿ ಅಡಾಪ್ಟರಿಗೆ ಜಾಗ ಇಲ್ಲದಿದ್ದರೆ ಅವನ ಕೈಯಲ್ಲೇ ಬರೆಸಿ, ಸಹಿ ಹಾಕಿಸಿಕೊಳ್ಳಿ.